ಮುಂದಿನ ಕೆಲಸದ ಬಗ್ಗೆ ತಿಳಿಯಲು ಫಸ್ಟ್ ಇಯರ್ ಬಿ.ಕಾಂ.ನವರು ಯಾವ ಕಾರ್ಯಕ್ರಮಗಳಿಗೆ ಹೋಗಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ದಿನಾ ಬಂಟ್ವಾಳದಿಂದ ಬಂದು ಹೋಗುವುದು. ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸುತ್ತಿದ್ದಾರೆ. ಮನೆಯಲ್ಲಿ ಡಿಗ್ರಿಗೆ ಸೇರಿದವಳು ನಾನೇ ಮೊದಲು, ಹಾಗಾಗಿ ಕೇಳಲು ಯಾರೂ ಇಲ್ಲ.

ಕಳೆದ ವಾರ ಕಾಲೇಜಿನಲ್ಲಿ ಹಳೆ ವಿದ್ಯಾರ್ಥಿಗಳು ಬಂದು ಕೆಲಸದ ಬಗ್ಗೆ ಮಾತಾಡಿದರು. ನಾನೂ ಹೋದೆ. "ಇದು ಫೈನಲ್ ಇಯರ್‌ನವರಿಗೆ, ನಿಮಗೆ ಇನ್ನೂ ಟೈಮ್ ಇದೆ" ಅಂತ ಬಾಗಿಲಲ್ಲೇ ವಾಪಸ್ ಕಳಿಸಿದರು. ತುಂಬಾ ಬೇಜಾರಾಯಿತು.

ಟೈಮ್ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಪಿಯುಸಿ ಮುಗಿಸಿದವರು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಗಲು ಬರೆಯುವ ಮೊದಲ ಪರೀಕ್ಷೆ, ಸಿಎ ಫೌಂಡೇಶನ್ ಬರೆಯಬಹುದು ಅಂತ ನನಗೆ ಗೊತ್ತಾದದ್ದೇ ಕಾಲೇಜ್ ಫೆಸ್ಟಿನಲ್ಲಿ, ಒಂದು ಸ್ಟಾಲ್ ಮುಂದೆ ಸುಮ್ನೆ ನಿಂತಿದ್ದಾಗ. ಮೊದಲೇ ಯಾರಾದರೂ ಹೇಳಿದ್ದರೆ ಒಳ್ಳೆಯದಿತ್ತು ಅಲ್ವಾ? ನನಗೆ ಬ್ಯಾಂಕ್ ಕೆಲಸದ ಆಸೆ ಜಾಸ್ತಿ. 1906ರಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್ ಶುರುವಾದ ಊರಿದು. ಬ್ಯಾಂಕ್ ಕೆಲಸಕ್ಕೆ ಬರೆಯುವ ಐಬಿಪಿಎಸ್ ಪರೀಕ್ಷೆಗೆ ಡಿಗ್ರಿ ಮುಗಿಯಬೇಕು, 20 ವರ್ಷ ತುಂಬಬೇಕು, ಸರಿ. ಆದರೆ ಇಂಗ್ಲಿಷ್, ಲೆಕ್ಕ ಇವನ್ನೆಲ್ಲ ಈಗಲೇ ಶುರು ಮಾಡಬಹುದಲ್ಲ?

ಅಕ್ಕ, ಅಣ್ಣಂದಿರೇ, ಮೊದಲ ವರ್ಷದವರನ್ನೂ ಸೇರಿಸಿಕೊಳ್ಳುವ ಕಾರ್ಯಕ್ರಮ ಮಂಗಳೂರಿನಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಅಲ್ಲಿ ಬಂದವರ ಹತ್ತಿರ ಏನು ಕೇಳಬೇಕು ಅಂತಲೂ ಹೇಳಿ. ನನಗೆ ಮಾತೇ ಹೊರಡುವುದಿಲ್ಲ. ಫೆಸ್ಟಿನಲ್ಲಿ ವಾಲಂಟಿಯರ್ ಆದರೆ ಮುಂದೆ ಉಪಯೋಗಕ್ಕೆ ಬರುತ್ತದಾ?

ಸಂಜೆ ತಡವಾದರೆ ಬಸ್ಸಿಗೆ ಕಷ್ಟ. ಶನಿವಾರ ಮಧ್ಯಾಹ್ನವಾದರೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಎಲ್ಲಿಗೆ ಬೇಕಾದರೂ ಬರುತ್ತೇನೆ. ನನ್ನ ಜೊತೆ ಇನ್ನೂ ಮೂವರು ಗೆಳತಿಯರು ಇದ್ದಾರೆ.