ಎಂಲಿಬ್ ಪ್ರಾಜೆಕ್ಟಿಗೆ ಟಾಪಿಕ್ ಯಾವುದು? ಮಾಡಿ ಮುಗಿಸಿದವರು, ಮಾಡಿ ಕೆಟ್ಟವರು ಹೇಳಿದ್ದು

ಕೇಳಿದವರು: ವಿದ್ಯಾರ್ಥಿನಿ, ಬಳ್ಳಾರಿ ಕಡೆ

ಎಲ್ಲರಿಗೂ ನಮಸ್ಕಾರ. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದಲ್ಲಿ ಎಂಲಿಬ್ ಕೊನೆಯ ಸೆಮಿಸ್ಟರ್. ಪ್ರಾಜೆಕ್ಟಿಗೆ ಉಳಿದಿರುವುದು ನಾಲ್ಕು ತಿಂಗಳು. ಗೈಡ್ ಹತ್ತಿರ ಮೂರು ಸಲ ಹೋಗಿ ಬಂದೆ. 'ವಿದ್ಯಾರ್ಥಿಗಳು ಇ-ಸಂಪನ್ಮೂಲ ಬಳಸುವ ಬಗೆ' ಅಂದೆ. 'ಇದನ್ನು ನೂರು ಜನ ಮಾಡಿದ್ದಾರಮ್ಮ' ಎಂದರು. 'ಗ್ರಂಥಾಲಯಗಳಲ್ಲಿ ಕೃತಕ ಬುದ್ಧಿಮತ್ತೆ' ಅಂದೆ. 'ನಮ್ಮ ಜಿಲ್ಲೆಯ ಯಾವ ಗ್ರಂಥಾಲಯದಲ್ಲಿದೆ, ತೋರಿಸು' ಎಂದರು. ಮೂರನೆಯದನ್ನು ಇಲ್ಲಿ ಹೇಳಲೂ ನಾಚಿಕೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಲಾರೆ. ನಾನು ಡಿಗ್ರಿ ಓದಿದ ಕಾಲೇಜಿನ ಲೈಬ್ರರಿಯಲ್ಲಿ ಶನಿವಾರ ಕೂರಲು ಬಿಡುತ್ತಾರೆ, ಅಷ್ಟೇ ನನ್ನ ಆಸ್ತಿ. ನೀವೆಲ್ಲ ಏನು ಮಾಡಿದಿರಿ, ಎಲ್ಲಿ ಎಡವಿದಿರಿ, ದಯವಿಟ್ಟು ಹೇಳಿ.

ಪದವಿ ಕಾಲೇಜಿನ ಗ್ರಂಥಪಾಲಕ, ಹಾಸನ ಜಿಲ್ಲೆ

ಮೊದಲು ನಾನು ಕೆಟ್ಟ ಕಥೆ ಕೇಳಿ ತಂಗಿ. ನನ್ನದು 'ಬಳಕೆದಾರರ ತೃಪ್ತಿ'. ಇನ್ನೂರು ಪ್ರಶ್ನಾವಳಿ ಹಂಚಿದೆ. ವಾಪಸ್ ಬಂದವುಗಳಲ್ಲಿ ಅರ್ಧಕ್ಕರ್ಧ ಮೇಲಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿ ಟಿಕ್. ಒಂದು ಹಾಸ್ಟೆಲ್ಲಿನಿಂದ ಬಂದ ಹನ್ನೆರಡು ಫಾರಂ ಒಂದೇ ಹಸಿರು ಪೆನ್ನಿನವು. ಯಾರೋ ಪುಣ್ಯಾತ್ಮ ಕೋಣೆಯವರ ಪರವಾಗಿ ತಾನೇ ಕೂತು ತುಂಬಿದ್ದ. ನಾನೂ ಪುಣ್ಯಾತ್ಮನೇ, ಅವನ್ನೆಲ್ಲ ಸೇರಿಸಿಕೊಂಡು ಮೂವತ್ತು ಕೋಷ್ಟಕ ಮಾಡಿದೆ. ವೈವಾಕ್ಕೆ ಹೊರಗಿನಿಂದ ಬಂದಿದ್ದ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: 'ಇದರಿಂದ ಆ ಲೈಬ್ರರಿ ಏನು ಬದಲಾಯಿಸಬೇಕು?' 'ಇನ್ನಷ್ಟು ಪುಸ್ತಕ ಕೊಳ್ಳಬೇಕು ಸರ್' ಅಂದೆ. 'ಅದು ಫಾರಂ ಹಂಚುವ ಮೊದಲೇ ಗೊತ್ತಿತ್ತಲ್ಲಪ್ಪ' ಎಂದು ನಕ್ಕರು. ಪಾಸಾದೆ, ಆದರೆ ಆ ನಗು ಇನ್ನೂ ಕಿವಿಯಲ್ಲಿದೆ.

ಅಂದಿನಿಂದ ನನ್ನ ಹತ್ತಿರ ಬರುವ ಮಕ್ಕಳಿಗೆಲ್ಲ ಒಂದೇ ಮಾತು. ನಾಲ್ಕು ತಿಂಗಳಲ್ಲಿ ಮುಗಿಯಬೇಕೆಂದರೆ ಜನರನ್ನು ಕೇಳಬೇಡಿ, ವಸ್ತುವನ್ನು ಎಣಿಸಿ. ಪುಸ್ತಕ ಸುಳ್ಳು ಹೇಳುವುದಿಲ್ಲ, ರಜೆಗೆ ಊರಿಗೂ ಹೋಗುವುದಿಲ್ಲ.

ನಿಮ್ಮ ಶನಿವಾರಗಳಿಗೆ ಹೊಂದುವ ಒಂದು ಕೆಲಸ ಹೇಳುತ್ತೇನೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ 1969ರಲ್ಲಿ ಕೊಂಡ ಪುಸ್ತಕಗಳನ್ನು 1975ರವರೆಗೆ ಹಿಂಬಾಲಿಸಿ ನೋಡಿದ್ದರು. ಹತ್ತಿರಹತ್ತಿರ ಶೇ 40ರಷ್ಟು ಪುಸ್ತಕ ಅಷ್ಟು ವರ್ಷಗಳಲ್ಲಿ ಒಂದು ಸಲವೂ ಯಾರ ಮನೆಗೂ ಹೋಗಿರಲಿಲ್ಲ. ವರದಿ 1979ರಲ್ಲಿ ಬಂದಾಗ ದೊಡ್ಡ ಗಲಾಟೆಯೇ ಆಯಿತು. ಇದನ್ನೇ ನಿಮ್ಮ ಕಾಲೇಜಿನಲ್ಲಿ ಸಣ್ಣದಾಗಿ ಮಾಡಿ. ಪುಸ್ತಕ ಬಂದಂತೆಲ್ಲ ದಾಖಲಿಸುವ ಆಕ್ಸೆಶನ್ ರಿಜಿಸ್ಟರ್ ತೆರೆದು ಒಂದೇ ಒಂದು ವರ್ಷ ಆರಿಸಿಕೊಳ್ಳಿ, ಎಂಟು ಹತ್ತು ವರ್ಷ ಹಿಂದಿನದು. ಆ ವರ್ಷ ಬಂದ ಪುಸ್ತಕಗಳಲ್ಲಿ ಎಷ್ಟು ಒಮ್ಮೆಯೂ ಇಶ್ಯೂ ಆಗಿಲ್ಲ? ಅವು ಬಂದದ್ದು ಹೇಗೆ: ಅಧ್ಯಾಪಕರು ಪಟ್ಟಿ ಕೊಟ್ಟು ತರಿಸಿದ್ದೋ, ಮಾರ್ಚ್ ತಿಂಗಳಲ್ಲಿ ಅನುದಾನ ಖರ್ಚು ಮಾಡಲು ಒಟ್ಟಿಗೆ ಕೊಂಡದ್ದೋ, ದಾನವೋ? ಈ ಎರಡನೆಯ ಪ್ರಶ್ನೆಯಲ್ಲೇ ನಿಮ್ಮ ಪ್ರಾಜೆಕ್ಟಿನ ಜೀವ ಇದೆ. ಬಿಲ್ಲಿನ ತಾರೀಖು ರಿಜಿಸ್ಟರಿನಲ್ಲೇ ಸಿಗುತ್ತದೆ. ಮಾರ್ಚ್ ಬಿಲ್ಲಿನ ಪುಸ್ತಕಗಳು ಹೆಚ್ಚು ಧೂಳು ಹಿಡಿದಿವೆಯೇ ಎಂದು ನೋಡಿ. ನಮ್ಮಲ್ಲಿ ಏನಾಯಿತು ಎಂದು ಹೇಳುವುದಿಲ್ಲ, ನಾನು ಇನ್ನೂ ನೌಕರಿಯಲ್ಲಿದ್ದೇನೆ.

ಸ್ಯಾಂಪಲ್ ಎಷ್ಟು ಎಂದು ಗೈಡ್ ಕೇಳುತ್ತಾರೆ. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಕೋಷ್ಟಕ ಎಲ್ಲರೂ ಒಪ್ಪುವಂಥದ್ದು: 500 ಪುಸ್ತಕಕ್ಕೆ 217, ಸಾವಿರಕ್ಕೆ 278. ಒಂದು ಶನಿವಾರಕ್ಕೆ ಮೂವತ್ತು ಪುಸ್ತಕ ನೋಡಿದರೂ ಮುಗಿಯುತ್ತದೆ. ಇನ್ನೊಂದು ವಿಷಯ, ರಂಗನಾಥನ್ ಅವರ 1931ರ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಬರೆದು ಮೊದಲ ಅಧ್ಯಾಯ ತುಂಬಿಸಬೇಡಿ. ಅದು ಎಲ್ಲರ ಪ್ರಾಜೆಕ್ಟಿನಲ್ಲೂ ಅದೇ ವಾಕ್ಯಗಳಲ್ಲಿದೆ, ಕೃತಿಚೌರ್ಯ ಪರೀಕ್ಷೆಗೆ ಹಾಕಿದರೆ ಅಲ್ಲೇ ಕೆಂಪಾಗುತ್ತದೆ. ಯುಜಿಸಿಯ 2018ರ ನಿಯಮದಲ್ಲಿ ಬೇರೆ ಬರಹಗಳೊಂದಿಗೆ ಹೋಲಿಕೆ ಶೇ 10ರವರೆಗಿದ್ದರೆ ದಂಡವಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ, ತುಮಕೂರು ಜಿಲ್ಲೆ

ಹಾಸನದ ಸರ್ ಹೇಳಿದ್ದು ಕಾಲೇಜಿಗೆ ಸರಿ. ನಮ್ಮಂಥ ಕಡೆ ಪುಸ್ತಕ ಎಣಿಸಿದರೆ ಏನೂ ತಿಳಿಯಲ್ಲ. ನಮ್ಮಲ್ಲಿಗೆ ಮಧ್ಯಾಹ್ನ ಬರುವ ಮಕ್ಕಳಲ್ಲಿ ಅರ್ಧ ಜನ ಪುಸ್ತಕ ಬರೆಸಿಕೊಂಡು ಮನೆಗೆ ಒಯ್ಯುವುದೇ ಇಲ್ಲ, ಅಲ್ಲೇ ಕೆಳಗೆ ಕೂತು ಓದಿ ಇಟ್ಟು ಹೋಗುತ್ತವೆ. ರಿಜಿಸ್ಟರ್ ನೋಡಿದವರಿಗೆ ಇಲ್ಲಿ ಯಾರೂ ಓದುವುದಿಲ್ಲ ಅನ್ನಿಸುತ್ತದೆ.

2019ರಲ್ಲಿ ನಮ್ಮನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿಸಿದರು. ಆಮೇಲೆ ಮಕ್ಕಳನ್ನು ಓದಿಗೆ ಕರೆತರುವ 'ಓದುವ ಬೆಳಕು' ಕಾರ್ಯಕ್ರಮ ಬಂತು, ಬೋರ್ಡಿನ ಮೇಲೆ 'ಅರಿವು ಕೇಂದ್ರ' ಬಂತು. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚು. ಹೀಗೆ ಇಲಾಖೆ ಬದಲಾದ ಮೇಲೆ ಬಾಗಿಲು ತೆಗೆಯುವ ಹೊತ್ತು ಬದಲಾಯಿತೇ, ಪೇಪರ್ ಬಿಲ್ ಯಾರು ಕಟ್ಟುತ್ತಾರೆ, ಹೊಸ ಪುಸ್ತಕ ಆರಿಸುವವರು ಯಾರು, ಇದನ್ನು ಒಂದೇ ಹೋಬಳಿಯ ಆರೇಳು ಕೇಂದ್ರ ಸುತ್ತಿ ಬರೆದರೆ ಒಳ್ಳೆಯ ಪ್ರಾಜೆಕ್ಟ್ ಆಗುತ್ತೆ.

ಆದರೆ ದಯವಿಟ್ಟು ಬೇರೆಯವರ ಪ್ರಶ್ನಾವಳಿಯನ್ನು ಹಾಗೇ ತರಬೇಡಿ. ಹಿಂದೊಬ್ಬ ಹುಡುಗ ಬಂದಿದ್ದ. 'ನೀವು ಓಪ್ಯಾಕ್ ಎಷ್ಟು ಬಾರಿ ಬಳಸುತ್ತೀರಿ' ಅಂತ ಪ್ರಶ್ನೆ. ಓಪ್ಯಾಕ್ ಅಂದರೆ ಕಂಪ್ಯೂಟರಿನಲ್ಲಿ ಪುಸ್ತಕ ಹುಡುಕುವ ಪಟ್ಟಿ, ಆಗ ನಮ್ಮಲ್ಲಿ ಕಂಪ್ಯೂಟರೇ ಇರಲಿಲ್ಲ. ಪೇಪರ್ ಓದಲು ಬಂದಿದ್ದ ತಾತ ನನ್ನ ಮುಖ ನೋಡಿ 'ಅವ್ವಾ, ಯಾವುದಕ್ಕೆ ರೈಟ್ ಹಾಕಲಿ, ಪಾಪ ಮಗು ದೂರದಿಂದ ಬಂದೈತೆ' ಅಂದರು. 'ಪ್ರತಿದಿನ' ಅನ್ನುವುದಕ್ಕೆ ಹಾಕಿ ಕಳಿಸಿದರು. ಆ ರೈಟು ಈಗ ಯಾವುದೋ ಪ್ರಾಜೆಕ್ಟಿನಲ್ಲಿ ಶೇಕಡಾವಾರಾಗಿ ಕೂತಿದೆ.

ಧಾರವಾಡದಿಂದ

ನಾ ಮಾಡಿದ್ದು ಓದೋ ಕೋಣಿ ಮ್ಯಾಲ. ಇಲ್ಲಿ ಕೆಎಎಸ್ಸು, ಪಿಡಿಒ, ಎಫ್‌ಡಿಎ, ಪೊಲೀಸ್ ಅಂತ ಪರೀಕ್ಷಾಕ್ಕ ಓದೋ ಹುಡುಗರು ಎಷ್ಟು ಅದಾರ ಅನ್ನೋದು ನಿಮಗೂ ಗೊತ್ತದ. ಮುಂಜಾನೆ ಬಾಗಲಾ ತೆಗೀತಿದ್ದಂಗ ಕುರ್ಚಿ ಎಲ್ಲಾ ತುಂಬತಾವ. ಆದ್ರ ಲೈಬ್ರರಿ ಪುಸ್ತಕ ಮುಟ್ಟವ್ರು ಎಷ್ಟು ಮಂದಿ? ಇದೊಂದು ಪ್ರಶ್ನೆ ಇಟಗೊಂಡು ಒಂದು ಸಾರ್ವಜನಿಕ ಗ್ರಂಥಾಲಯದಾಗ ಮೂರು ವಾರ ಕೂತೆ. ಯಾರ್ನೂ ಏನೂ ಕೇಳಲಿಲ್ಲ. ತಾಸಿಗೊಮ್ಮೆ ಎದ್ದು ಒಂದು ಸುತ್ತು ಹಾಕೋದು, ಹಾಳಿ ಮ್ಯಾಲ ಗೀಟು ಹೊಡೆಯೋದು: ಲೈಬ್ರರಿ ಪುಸ್ತಕ, ಸ್ವಂತ ಪುಸ್ತಕ, ಪೇಪರ್, ಮೊಬೈಲ್, ನಿದ್ದಿ. ನಿದ್ದಿ ಅನ್ನೋ ಕಾಲಂ ನೋಡಿ ನಮ್ಮ ಗೈಡ್ ಸಿಟ್ಟಾದ್ರು. ಮಧ್ಯಾಹ್ನ ಎರಡರ ಗೀಟು ತೋರಿಸಿದ ಮ್ಯಾಲ ಸುಮ್ಮನಾದ್ರು.

ಕಡೀಕ ಸಿಕ್ಕದ್ದು ಏನಂದ್ರ, ಆ ಮಂದಿ ಲೈಬ್ರರಿಗೆ ಬರೋದು ಪುಸ್ತಕಕ್ಕಲ್ಲ. ಕುರ್ಚಿ, ಫ್ಯಾನು, ಶಾಂತತಾ, ಮತ್ತ ಬಾಜೂಕ ಇನ್ನೊಬ್ಬ ಓದಾಕತ್ತಾನ ಅನ್ನೋ ಹೆದರಿಕಿ, ಇವಕ್ಕ. ಹಂಗಾದ್ರ ಇಶ್ಯೂ ಲೆಕ್ಕದಿಂದ ಆ ಗ್ರಂಥಾಲಯ ಅಳೆಯೋದು ಸರಿ ಏನು? ಹಾಸನದ ಸರ್ ಸಿಟ್ಟಾಗಬ್ಯಾಡ್ರಿ, ನಾನೂ ಎಣಿಸಿದ್ದೇ, ಎಣಿಸಿದ್ದು ಕುರ್ಚಿ ಅಷ್ಟ. ಒಂದು ಮಾತು, ಮೊದಲ ಲಿಖಿತ ಪರವಾನಗಿ ತಗೋರಿ, ಹೆಸರು ಬರಕೋಬ್ಯಾಡ್ರಿ, ಫೋಟೋ ಅಂತೂ ತೆಗೀಲೇ ಬ್ಯಾಡ್ರಿ.

ಬೆಂಗಳೂರು, ಗ್ರಂಥಾಲಯ ಸಾಫ್ಟ್‌ವೇರ್ ಕೆಲಸ

ಕಂಪ್ಯೂಟರ್ ಕಡೆ ಒಲವಿದ್ದರೆ ಕೃತಕ ಬುದ್ಧಿಮತ್ತೆಗಿಂತ ಹತ್ತಿರದಲ್ಲೇ ಒಂದು ಗಣಿ ಇದೆ: ಕನ್ನಡ ಪುಸ್ತಕ ಕ್ಯಾಟಲಾಗಿನಲ್ಲಿ ಹುಡುಕಿದರೆ ಸಿಗುತ್ತದೆಯೇ? ಗ್ರಂಥಾಲಯ ನಡೆಸುವ ಸಾಫ್ಟ್‌ವೇರ್ ಕೋಹಾ ಉಚಿತ. ಲ್ಯಾಪ್‌ಟಾಪಿನಲ್ಲೇ ಹಾಕಿಕೊಂಡು ಪ್ರಯೋಗ ಮಾಡಬಹುದು.

ತೊಂದರೆಗಳು ಹೀಗಿವೆ. ಡೇಟಾ ಎಂಟ್ರಿ ಮಾಡುವವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತುತ್ತಾರೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. 'ಕಾದಂಬರಿ' ಎಂದು ಹುಡುಕಿದರೆ ಆ ದಾಖಲೆ ಬರುವುದಿಲ್ಲ. 'ಕೇ' ಎಂಬ ದೀರ್ಘವನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು, ಏತ್ವದೀರ್ಘದ ಒಂದೇ ಚಿಹ್ನೆಯಾಗಿ ಅಥವಾ ಎತ್ವದ ಚಿಹ್ನೆ ಮತ್ತು ಅದರ ಮುಂದೆ ದೀರ್ಘದ ಚಿಹ್ನೆ ಎಂದು ಬಿಡಿಸಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಪಟ್ಟಿಯನ್ನು ಪರಿವರ್ತಿಸುವಾಗ ಅರ್ಕಾವತ್ತು ಜಾಗ ತಪ್ಪಿ ಕೂರುವುದಂತೂ ದಿನನಿತ್ಯದ ಗೋಳು.

ಅದಕ್ಕಿಂತ ರುಚಿಯಾದದ್ದು ಕಾವ್ಯನಾಮ. ಬೇಂದ್ರೆಯವರ ಪುಸ್ತಕ ಒಂದು ಕಡೆ 'ಅಂಬಿಕಾತನಯದತ್ತ', ಇನ್ನೊಂದು ಕಡೆ 'ಬೇಂದ್ರೆ, ದ.ರಾ.', ಮತ್ತೊಂದು ಕಡೆ ಇಂಗ್ಲಿಷ್ ಅಕ್ಷರಗಳಲ್ಲಿ. ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಎಷ್ಟೋ ಕ್ಯಾಟಲಾಗುಗಳಲ್ಲಿ ಇಬ್ಬರು ಲೇಖಕರು. ಕಥೆಗೆ 'ಶ್ರೀನಿವಾಸ' ಎಂದಿರುವ ಮಾಸ್ತಿ, ಶ್ರೀರಂಗ ಎಂದರೆ ಆದ್ಯ ರಂಗಾಚಾರ್ಯ, ವಿನಾಯಕ ಎಂದರೆ ಗೋಕಾಕ, ತ್ರಿವೇಣಿ ಎಂದರೆ ಅನಸೂಯಾ ಶಂಕರ್. ಇಪ್ಪತ್ತೈದು ಲೇಖಕರನ್ನು ತೆಗೆದುಕೊಳ್ಳಿ, ನಾಲ್ಕು ವಿಶ್ವವಿದ್ಯಾಲಯಗಳ ಓಪ್ಯಾಕಿನಲ್ಲಿ ಪ್ರತಿ ಹೆಸರನ್ನೂ ಮೂರು ರೂಪದಲ್ಲಿ ಹುಡುಕಿ, ಎಷ್ಟು ಪುಸ್ತಕ ಬಂದವು ಎಂದು ಬರೆದಿಡಿ. ಮನೆಯಲ್ಲೇ ಕೂತು ಆಗುವ ಕೆಲಸ. ಸಾಹಿತ್ಯ ಗೊತ್ತಿರುವ ಹುಡುಗಿಗೆ ಇದು ಸಲೀಸು, ಬರೀ ಸಾಫ್ಟ್‌ವೇರ್ ಗೊತ್ತಿರುವ ನಮ್ಮಂಥವರಿಗೆ ಕಷ್ಟ. ಯಾವ ತಾರೀಖಿನಂದು ಹುಡುಕಿದಿರಿ ಎಂಬುದನ್ನು ಬರೆದುಕೊಳ್ಳುವುದು ಮರೆಯಬೇಡಿ, ನಾಳೆ ಯಾರೋ ತಿದ್ದಿರುತ್ತಾರೆ.

ಉಡುಪಿಯಿಂದ

ಕಾವ್ಯನಾಮದ ಹಾಗೆಯೇ ವರ್ಗೀಕರಣವೂ. ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814. ವಚನಗಳ ಪುಸ್ತಕ ಅಲ್ಲಿಗೆ ಹೋಗಬೇಕೋ 294.5ರ ಧರ್ಮದ ಕಪಾಟಿಗೋ? ಯಕ್ಷಗಾನ ಪ್ರಸಂಗ ಸಾಹಿತ್ಯವೋ, 792ರ ರಂಗಭೂಮಿಯೋ? ನಮ್ಮೂರಿನ ಎರಡು ಲೈಬ್ರರಿಗಳಲ್ಲಿ ಒಂದೇ ಪ್ರಸಂಗದ ಪುಸ್ತಕ ಎರಡು ಕಡೆ ಇದೆ, ಮೂರನೆಯದರಲ್ಲಿ ನಂಬರೇ ಇಲ್ಲ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಐವತ್ತು ಪುಸ್ತಕ, ಐದು ಗ್ರಂಥಾಲಯ ಸಾಕು.

ಸಂಶೋಧಕ, ಶಿವಮೊಗ್ಗ

ಉಲ್ಲೇಖಗಳ ಅಧ್ಯಯನ ಮಾಡುವ ಯೋಚನೆ ಇದ್ದರೆ ನನ್ನ ಎಡವಟ್ಟು ಕೇಳಿ. ಉಲ್ಲೇಖಗಳ ಲೆಕ್ಕ ಕೊಡುವ, ದುಡ್ಡು ಕಟ್ಟಬೇಕಾದ ಸ್ಕೋಪಸ್ ಇಲ್ಲದಿದ್ದರೂ ಪಿಎಚ್‌ಡಿ ಪ್ರಬಂಧಗಳ ಜಾಲತಾಣ ಶೋಧಗಂಗಾ ಉಚಿತ ಎಂದುಕೊಂಡು, ಕನ್ನಡದಲ್ಲಿ ಬರೆದ ಪಿಎಚ್‌ಡಿ ಪ್ರಬಂಧಗಳ ಅಡಿಟಿಪ್ಪಣಿಗಳನ್ನು ಎಣಿಸಲು ಹೊರಟೆ. ಪಿಡಿಎಫ್‌ನಿಂದ ಕಾಪಿ ಮಾಡಿದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ, ಹಲವು ಬರೀ ಸ್ಕ್ಯಾನ್. ಎಲ್ಲ ಕೈಯಲ್ಲೇ ಟೈಪು. ಅರ್ಧ ಟಿಪ್ಪಣಿ 'ಅದೇ, ಪುಟ 42'. ಪ್ರಕಟಣೆಯ ವರ್ಷವೇ ಇಲ್ಲದವು ಬೇಕಾದಷ್ಟು.

ನಿಜವಾದ ಪೆಟ್ಟು ಆಮೇಲೆ ಬಿತ್ತು. ಉಲ್ಲೇಖಗೊಂಡ ಪುಸ್ತಕಗಳು ಎಷ್ಟು ಹಳೆಯವು ಎಂದು ಲೆಕ್ಕ ಹಾಕಿದೆ. ಕನ್ನಡ ಸಂಶೋಧಕರು ತೀರ ಹೊಸ ಪುಸ್ತಕಗಳನ್ನೇ ಓದುತ್ತಾರೆ ಎಂಬ ಫಲಿತಾಂಶ ಬಂತು! ನೋಡಿದರೆ ಅವೆಲ್ಲ ಹಳೆಯ ಕೃತಿಗಳ ಮರುಮುದ್ರಣ. ಟಿಪ್ಪಣಿಯಲ್ಲಿರುವುದು ಕೈಯಲ್ಲಿದ್ದ ಪ್ರತಿಯ ವರ್ಷ. ಯಾರು ಎಷ್ಟು ಲೇಖನ ಬರೆಯುತ್ತಾರೆ, ಅವು ಪತ್ರಿಕೆಗಳಲ್ಲಿ ಹೇಗೆ ಹಂಚಿರುತ್ತವೆ ಎಂದು ಹೇಳುವ ಲೋಟ್ಕಾ, ಬ್ರಾಡ್‌ಫರ್ಡ್ ನಿಯಮಗಳು ಹುಟ್ಟಿದ್ದೇ ವಿಜ್ಞಾನ ಪತ್ರಿಕೆಗಳ ಲೆಕ್ಕದಿಂದ, ನಮ್ಮ ಮರುಮುದ್ರಣದ ಲೋಕಕ್ಕೆ ಅವನ್ನು ಹಾಗೇ ತೊಡಿಸಲಾಗದು. ಕೊನೆಗೆ ಅದನ್ನೇ ಒಂದು ಅಧ್ಯಾಯ ಮಾಡಿದೆ, ಪರೀಕ್ಷಕರು ಮೆಚ್ಚಿದ್ದೂ ಅದೊಂದನ್ನೇ. ಆದರೆ ನನಗೆ ಸಮಯವಿತ್ತು. ನಾಲ್ಕು ತಿಂಗಳಿದ್ದರೆ ಹತ್ತು ಪ್ರಬಂಧಕ್ಕೆ ನಿಲ್ಲಿಸಿ.

ಮೈಸೂರಿನಿಂದ, ಎರಡೇ ಮಾತು

ಇ-ಸಂಪನ್ಮೂಲವನ್ನು ನೂರು ಜನ ಮಾಡಿದ್ದು ನಿಜ, ಆದರೆ 2025ರ ಜನವರಿಗೆ ಮುಂಚೆ. ಆಗಿನಿಂದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸಿಗುತ್ತಿವೆ. ನಿಮ್ಮದು ಸರ್ಕಾರಿ ಕಾಲೇಜಾದರೆ ಎಷ್ಟು ಅಧ್ಯಾಪಕರು ಲಾಗಿನ್ ಮಾಡಿಸಿಕೊಂಡಿದ್ದಾರೆ, ಎಷ್ಟು ಜನ ಎರಡನೆಯ ಸಲ ಬಂದಿದ್ದಾರೆ ಎಂದು ನೋಡಿ. ಗೈಡ್ ಬೇಡ ಎನ್ನಲಾರರು.

ಇನ್ನೊಬ್ಬರು, ಬೆಂಗಳೂರು

ಗ್ರಂಥಾಲಯ ಕರದ ಕಡೆ ಹೋದರೆ ಎಚ್ಚರ. 1965ರ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಶೇ 6 ಕರ ಗ್ರಂಥಾಲಯಕ್ಕೆ ಎಷ್ಟು ತಲುಪಿತು ಎಂಬುದು ಬಹಳ ಒಳ್ಳೆಯ ವಿಷಯ. ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಕಾಯ್ದೆಯಲ್ಲಿ 30 ದಿನ, ನನಗೆ ಉತ್ತರ ಬಂದದ್ದು ವೈವಾ ಮುಗಿದ ಮೇಲೆ. ಸಿನಾಪ್ಸಿಸ್ (ಪ್ರಾಜೆಕ್ಟಿನ ರೂಪರೇಖೆ) ಬರೆಯುವ ಮೊದಲೇ ಅರ್ಜಿ ಹಾಕುವುದಾದರೆ ಮಾತ್ರ ಇಳಿಯಿರಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಕಾವ್ಯನಾಮದ್ದೂ ಆಸೆ ಹುಟ್ಟಿಸಿತು, ಆದರೆ ನನ್ನ ಕೈಯಲ್ಲಿರುವುದು ಆ ಕಾಲೇಜು. ಹಾಸನದ ಸರ್ ಹೇಳಿದ್ದನ್ನು ನಿನ್ನೆ ಶನಿವಾರ ಸುಮ್ಮನೆ ಪರೀಕ್ಷೆ ಮಾಡಿದೆ. ಕನ್ನಡ ಕಪಾಟಿನಿಂದ ನಲವತ್ತು ಪುಸ್ತಕ ತೆಗೆದು ಹಿಂದಿನ ತಾರೀಖು ಚೀಟಿ ನೋಡಿದೆ. 2017ರ ಆಚೆ ಒಂದರ ಮೇಲೂ ಸೀಲಿಲ್ಲ! ಓದುವುದೇ ನಿಂತುಹೋಗಿದೆ ಅಂತ ಬರೆಯಬಹುದಾ ಸರ್?

ಹಾಸನ

ನಿಲ್ಲಿ ತಂಗಿ. ನಲವತ್ತಕ್ಕೆ ನಲವತ್ತೂ ಒಂದೇ ವರ್ಷ ನಿಂತವೆ? ಅಟೆಂಡರನ್ನು ಕೇಳಿ, ಆ ವರ್ಷ ಲೈಬ್ರರಿಯಲ್ಲಿ ಏನಾಯಿತು ಅಂತ.

ಕೇಳಿದವರು

ಫೋನ್ ಮಾಡಿ ಕೇಳಿದೆ. ಆ ವರ್ಷ ಬಾರ್‌ಕೋಡ್ ಬಂತಂತೆ. 'ಆಮೇಲೆ ಸೀಲ್ ಯಾಕವ್ವಾ, ಪ್ಯಾಡ್ ಒಣಗಿ ಮೂಲೆಗೆ ಬಿದ್ದೈತೆ' ಅಂದರು. 2017ರವರೆಗೆ ಚೀಟಿ, ಅಲ್ಲಿಂದ ಮುಂದೆ ಕಂಪ್ಯೂಟರ್, ಎರಡನ್ನೂ ಜೋಡಿಸಿ ಎಣಿಸುತ್ತೇನೆ ಅಂತ ಗೈಡ್‌ಗೆ ಹೇಳಿದೆ. ಸಿನಾಪ್ಸಿಸ್ ಬರೆದು ತಾ ಅಂದಿದ್ದಾರೆ.