ಅಸಿಂಕ್ ಹಾಕಿದರೂ ರಿಕ್ವೆಸ್ಟ್‌ಗಳು ಒಂದೊಂದಾಗಿಯೇ ಹೋಗುತ್ತಿವೆ

ಪುಸ್ತಕಹುಳು:
ನಮ್ಮ ಕಾಲೇಜು ಲೈಬ್ರರಿಯ ಪುಟದಲ್ಲಿ ಸುಮಾರು 600 ಲಿಂಕ್ ಇವೆ. ಯಾವುದು ತೆರೆಯುತ್ತದೆ, ಯಾವುದು ಸತ್ತಿದೆ ಅಂತ ನೋಡಲು ಪೈಥಾನ್ 3.11ರಲ್ಲಿ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಅಸಿಂಕ್ ಡೆಫ್ (ಕಾಯುವ ಹೊತ್ತಲ್ಲಿ ಬೇರೆ ಕೆಲಸಕ್ಕೆ ಬಿಡಬಲ್ಲ ಫಂಕ್ಷನ್) ಒಳಗೆ, ವೆಬ್ ಪುಟ ತರುವ ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯ ಗೆಟ್ ಇದೆ. ಎಲ್ಲವನ್ನೂ ಒಟ್ಟಿಗೆ ಓಡಿಸುವ ಗ್ಯಾದರ್‌ಗೆ ಕೊಟ್ಟಿದ್ದೇನೆ. ಆದರೂ ಒಂದು ಮುಗಿದ ಮೇಲೆಯೇ ಇನ್ನೊಂದು ಹೋಗುತ್ತದೆ. ಫಲಿತಾಂಶ ಕೂಡಿಸಲು ಪ್ರತಿ ಟಾಸ್ಕ್‌ಗೂ (ಒಂದು ಲಿಂಕ್ ನೋಡುವ ಕೆಲಸ) ಆಡ್ ಡನ್ ಕಾಲ್‌ಬ್ಯಾಕ್, ಅಂದರೆ ಅದು ಮುಗಿದಾಗ ಓಡುವ ಫಂಕ್ಷನ್ ಹಾಕಿದ್ದೇನೆ. ಒಂದು ಸೈಟ್ ಬಿದ್ದಿದ್ದರೂ ಸ್ಕ್ರಿಪ್ಟ್ ಪೂರ್ತಿ ನಿಲ್ಲುತ್ತದೆ. ಏನು ಮಾಡಲಿ?

ಹಳೇಟರ್ಮಿನಲ್:
ರಿಕ್ವೆಸ್ಟ್ಸ್‌ಗೆ ಅಸಿಂಕ್ ಗೊತ್ತಿಲ್ಲ. ಟಾಸ್ಕ್‌ಗಳಿಗೆ ಸರದಿ ಕೊಡುವ ಈವೆಂಟ್ ಲೂಪ್ ಓಡುವುದು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೆಲಸ. ನಿಮ್ಮ ಕೋಡ್ ಅವೇಟ್‌ನಲ್ಲಿ ಕಾಯುವಾಗ ಮಾತ್ರ ಬೇರೆ ಟಾಸ್ಕ್‌ಗೆ ಸರದಿ. ರಿಕ್ವೆಸ್ಟ್ಸ್ ಉತ್ತರ ಬರುವವರೆಗೂ ಆ ಥ್ರೆಡ್ ಹಿಡಿದುಕೊಂಡೇ ಇರುತ್ತದೆ. ಸುಮ್ನೆ ಅಸಿಂಕ್ ಅಂತ ಬರೆದರೆ ಏನೂ ಬದಲಾಗಲ್ಲ. ಅಸಿಂಕ್‌ಗೆಂದೇ ಇರುವ ಎಐಒಹೆಚ್‌ಟಿಟಿಪಿ ಲೈಬ್ರರಿ ಬಳಸಿ. ಕನೆಕ್ಷನ್‌ಗಳನ್ನು ನೋಡಿಕೊಳ್ಳುವ ಅದರ ಕ್ಲೈಂಟ್‌ಸೆಷನ್ ಒಂದನ್ನೇ ತೆರೆದು ಎಲ್ಲ ಲಿಂಕ್‌ಗೂ ಅದನ್ನೇ ಕೊಡಿ.

ಕಾಲ್‌ಬ್ಯಾಕ್ ಇಲ್ಲಿ ಬೇಡವೇ ಬೇಡ. ಅದು ಸಾಮಾನ್ಯ ಫಂಕ್ಷನ್, ಒಳಗೆ ಅವೇಟ್ ಮಾಡಲು ಬರುವುದಿಲ್ಲ. ಅಲ್ಲಿ ಎದ್ದ ಎರರ್ ಲಾಗ್‌ಗೆ ಹೋಗುತ್ತದೆ, ನಿಮ್ಮ ಟ್ರೈ ಎಕ್ಸೆಪ್ಟ್‌ಗೆ ಸಿಗುವುದಿಲ್ಲ. 2015ರಲ್ಲಿ ಪೈಥಾನ್ 3.5ಕ್ಕೆ ಅಸಿಂಕ್, ಅವೇಟ್ ಬಂದದ್ದೇ ಇಂಥ ಕೋಡನ್ನು ಮೇಲಿಂದ ಕೆಳಕ್ಕೆ ಓದುವ ಹಾಗೆ ಬರೆಯಲು ಅಲ್ವಾ? ಲಿಂಕ್ ನೋಡುವ ಫಂಕ್ಷನ್ ಒಳಗೇ ಎರರ್ ಹಿಡಿಯಿರಿ. ಲಿಂಕನ್ನೂ ಅದರ ಫಲಿತಾಂಶವನ್ನೂ ಒಟ್ಟಿಗೆ ರಿಟರ್ನ್ ಮಾಡಿ.

ಒಂದು ಟಾಸ್ಕ್ ಬಿದ್ದರೆ ಗ್ಯಾದರ್ ಆ ಎರರನ್ನು ಮೇನ್ ಫಂಕ್ಷನ್‌ಗೆ ದಾಟಿಸುತ್ತದೆ, ಉಳಿದ ಟಾಸ್ಕ್‌ಗಳನ್ನು ತಾನಾಗಿ ರದ್ದು ಮಾಡುವುದಿಲ್ಲ. ಎರರ್‌ನಿಂದ ಮೇನ್ ಮುಗಿದಾಗ, ಅದನ್ನು ಓಡಿಸುವ ಅಸಿಂಕ್‌ಐಒದ (ಪೈಥಾನ್ ಜೊತೆಗೇ ಬರುವ ಅಸಿಂಕ್ ಲೈಬ್ರರಿ) ರನ್ ಉಳಿದವನ್ನು ರದ್ದು ಮಾಡುತ್ತದೆ. ನಿಮಗೆ ಆಗುತ್ತಿರುವುದು ಇದೇ. ಗ್ಯಾದರ್ ಬದಲು ಟಾಸ್ಕ್‌ಗ್ರೂಪ್‌ಗೆ ಹೋದರೆ ಇನ್ನೂ ಕಟ್ಟುನಿಟ್ಟು, ಒಂದು ಬಿದ್ದ ಕೂಡಲೇ ಉಳಿದವನ್ನು ಅದೇ ನಿಲ್ಲಿಸುತ್ತದೆ.

ಪುಸ್ತಕಹುಳು:
ವೇಗ ಬಂತು ಸರ್, ತುಂಬಾ ಥ್ಯಾಂಕ್ಸ್. ಟೋಟಲ್ ಟೈಮೌಟ್ (ಒಂದು ಲಿಂಕ್‌ಗೆ ಒಟ್ಟು ಕಾಯುವ ಮಿತಿ) 10 ಸೆಕೆಂಡ್ ಇಟ್ಟಿದ್ದೇನೆ. ಈಗ ಬ್ರೌಸರ್‌ನಲ್ಲಿ ಚೆನ್ನಾಗಿ ತೆರೆಯುವ ಲಿಂಕ್‌ಗಳೂ ಟೈಮೌಟ್ ಅಂತ ಬರುತ್ತಿವೆ. ಪಟ್ಟಿಯ ಕೊನೆಯವೇ ಜಾಸ್ತಿ.

ಹಳೇಟರ್ಮಿನಲ್:
ಕೊನೆಯವೇ ಜಾಸ್ತಿ ಅಂದಿರಲ್ಲ, ಅದೇ ಸುಳಿವು. ನೀವು ಬದಲಿಸದಿದ್ದರೆ ಎಐಒಹೆಚ್‌ಟಿಟಿಪಿ ಒಂದು ಸಲಕ್ಕೆ 100 ಕನೆಕ್ಷನ್ ಮಾತ್ರ ಇಟ್ಟುಕೊಳ್ಳುತ್ತದೆ. ಉಳಿದವು ಸಾಲಿನಲ್ಲಿ ಕಾಯುತ್ತವೆ. ಆ ಕಾಯುವ ಹೊತ್ತೂ ಟೋಟಲ್ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ 50ರ ಸೆಮಫೋರ್ ಇಡಿ (ಒಮ್ಮೆಗೆ 50 ಟಾಸ್ಕ್ ಮಾತ್ರ ಮುಂದೆ ಬಿಡುವ ಗೇಟ್), ಅದು ಸಿಕ್ಕಿದ ಮೇಲೆ ಸೆಷನ್‌ನ ಗೆಟ್ ಕರೆಯಿರಿ. ಆಗ ಟೈಮೌಟ್ ಎಣಿಕೆ ಸರದಿ ಬಂದ ಮೇಲೆ ಶುರುವಾಗುತ್ತದೆ.

ಒಂದೇ ಸರ್ವರ್‌ಗೆ ಹತ್ತಾರು ಲಿಂಕ್ ಇದ್ದರೆ ಆ ಹೋಸ್ಟ್‌ಗೆ ಎರಡು ಮೂರರ ಪ್ರತ್ಯೇಕ ಸೆಮಫೋರ್ ಇಡಿ. ಚಿಕ್ಕ ಸಂಸ್ಥೆಗಳ ಸರ್ವರ್ ಮೇಲೆ ಒಮ್ಮೆಲೇ ಬೀಳುವುದು ಸರಿಯಲ್ಲ. ಅದರ ಬದಲು ಎಐಒಹೆಚ್‌ಟಿಟಿಪಿಯದೇ ಲಿಮಿಟ್ ಪರ್ ಹೋಸ್ಟ್ ಹಾಕಿದರೆ ಸೆಷನ್ ಒಳಗೆ ಮತ್ತೆ ಅದೇ ಸಾಲು, ಅದೇ ಟೈಮೌಟ್.

ಕಾಫಿಕೋಡು:
ರಿಕ್ವೆಸ್ಟ್ಸ್ ಬಿಡಲು ಆಗದವರಿಗೆ ಪೈಥಾನ್ 3.9ರಿಂದ ಅಸಿಂಕ್‌ಐಒದ ಟು ಥ್ರೆಡ್ ಇದೆ, ಅದು ಕೆಲಸವನ್ನು ಬೇರೆ ಥ್ರೆಡ್‌ಗೆ ಕಳಿಸುತ್ತದೆ. ಆದರೆ 8 ಕೋರ್ ಮಷೀನ್‌ನಲ್ಲಿ ತಾನಾಗಿ ಸಿಗುವುದು 12 ಥ್ರೆಡ್ ಮಾತ್ರ. 600 ಲಿಂಕ್‌ಗೆ ನಾನೂ ಎಐಒಹೆಚ್‌ಟಿಟಿಪಿಯನ್ನೇ ಹೇಳುತ್ತೇನೆ.