ಮನೆಯ ಬಿಪಿ ಮಿಷನ್ ಪ್ರತಿ ಸಲ ಬೇರೆ ಬೇರೆ ತೋರಿಸುತ್ತದೆ, ಯಾವುದನ್ನು ನಂಬುವುದು?

ಪ್ರಶ್ನೆ:
ಅಮ್ಮನಿಗೆ 61 ವರ್ಷ, ಬಿಪಿ ಮಾತ್ರೆ ಶುರುವಾಗಿ ಎರಡು ತಿಂಗಳು. ತೋಳಿಗೆ ಕಟ್ಟುವ ಡಿಜಿಟಲ್ ಮಿಷನ್‌ನಲ್ಲಿ ಇವತ್ತು ಬೆಳಿಗ್ಗೆ 152/94 ಬಂತು. ತಕ್ಷಣ ಮತ್ತೆ ನೋಡಿದರೆ 138/86, ಮೂರನೇ ಸಲ 144/88. ಮಿಷನ್ ಕೆಟ್ಟಿದೆಯಾ, ನೋಡುವ ಕ್ರಮವೇ ತಪ್ಪಾ? ಡಾಕ್ಟರಿಗೆ ಯಾವುದನ್ನು ಹೇಳಲಿ?

ಉತ್ತರ 1:
ಮಿಷನ್ ಕೆಟ್ಟಿದೆ ಅನ್ನುವುದಕ್ಕೆ ಇಷ್ಟೇ ಸಾಲದು. ರಕ್ತದೊತ್ತಡ ಉಸಿರು, ಮಾತು, ಗಾಬರಿ ಎಲ್ಲಕ್ಕೂ ಏರಿಳಿಯುತ್ತದೆ. ಮೊದಲ ರೀಡಿಂಗ್ ಸಾಮಾನ್ಯವಾಗಿ ಹೆಚ್ಚೇ ಬರುತ್ತದೆ. ಮೊದಲು ಕೂರುವ ರೀತಿ ಸರಿಮಾಡಿ.

ನೋಡುವ ಮುಂಚಿನ ಅರ್ಧ ಗಂಟೆ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬರಲಿ, ಮೂತ್ರ ಕಟ್ಟಿಕೊಂಡು ಕೂತರೂ ಬಿಪಿ ಏರುತ್ತದೆ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದ ಎರಡೂ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಬೇಕು. ಮಾತು ಬೇಡ, ಫೋನೂ ಬೇಡ. ತೋಳು ಮೇಜಿನ ಮೇಲೆ, ತೋಳಿಗೆ ಕಟ್ಟುವ ಪಟ್ಟಿ (ಕಫ್) ಎದೆಯ ಮಟ್ಟಕ್ಕೆ. ತೋಳು ಇಳಿಬಿಟ್ಟರೆ ಮೇಲಿನ ಅಂಕಿ ಹತ್ತರಷ್ಟು ಹೆಚ್ಚಿಗೆ ಬರಬಹುದು, ಎದೆಗಿಂತ ಮೇಲಿದ್ದರೆ ಕಡಿಮೆ.

ಇನ್ನು ಪಟ್ಟಿ. ಹೆಚ್ಚು ತಪ್ಪಾಗುವುದು ಇಲ್ಲೇ. ಬಟ್ಟೆಯ ಮೇಲೆ ಕಟ್ಟಬಾರದು. ಬಟ್ಟೆಯ ತೋಳನ್ನು ಮೇಲಕ್ಕೆ ಸುತ್ತಿ ಬಿಗಿಮಾಡಿಕೊಂಡರೂ ತಪ್ಪೇ. ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ, ಅದರ ಮೇಲಿನ ಗುರುತು ಮಡಿಕೆಯ ಒಳಭಾಗದಲ್ಲಿ ನಾಡಿ ಬಡಿಯುವ ಜಾಗದ ನೇರಕ್ಕೆ ಬರಲಿ. ಕಟ್ಟಿದ ಮೇಲೆ ಒಂದೆರಡು ಬೆರಳು ತೂರುವಷ್ಟು ಸಡಿಲ ಸಾಕು. ಭುಜಕ್ಕೂ ಮೊಣಕೈಗೂ ನಡುಮಧ್ಯೆ ಟೇಪಿನಿಂದ ತೋಳಿನ ಸುತ್ತಳತೆ ತೆಗೆದು, ಪಟ್ಟಿಯ ಮೇಲೆ ಅಚ್ಚಾದ ಸೆಂ.ಮೀ.ಗೆ ಹೋಲಿಸಿ. 22ರಿಂದ 32 ಸೆಂ.ಮೀ. ಎಂದಿರುವ ಪಟ್ಟಿಯನ್ನು 36 ಸೆಂ.ಮೀ. ತೋಳಿಗೆ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ, ಅದಕ್ಕೇ ಮಾತ್ರೆಯೂ ಹೆಚ್ಚಾಗಿಬಿಡಬಹುದು.

ಉತ್ತರ 2:
ಡಾಕ್ಟರಿಗೆ ಬೇಕಾಗಿರುವುದು ಒಂದು ಅಂಕಿಯಲ್ಲ, ಒಂದು ವಾರದ ಸರಾಸರಿ. ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮುಂಚೆ ಎರಡು ಸಲ, ಸಂಜೆ ಎರಡು ಸಲ. ಎರಡರ ನಡುವೆ ಒಂದು ನಿಮಿಷ ಬಿಡಿ. ನೀವು ಮಾಡಿದ ಹಾಗೆ ತಕ್ಷಣ ಮತ್ತೆ ಒತ್ತಬಾರದು. ಏಳು ದಿನಕ್ಕೆ 28 ರೀಡಿಂಗ್. ಮೊದಲ ದಿನದ ನಾಲ್ಕನ್ನು ಬಿಟ್ಟು ಉಳಿದ 24ರ ಸರಾಸರಿ ತೆಗೆಯಿರಿ, ಮೇಲಿನದ್ದು ಬೇರೆ, ಕೆಳಗಿನದ್ದು ಬೇರೆ. ಹೆಚ್ಚು ಬಂದದ್ದನ್ನು ಅಳಿಸಿ ಚೆನ್ನಾಗಿರುವುದನ್ನು ಮಾತ್ರ ಬರೆದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ.

ಕ್ಲಿನಿಕ್ಕಿನಲ್ಲಿ 140/90 ಹೇಗೋ ಮನೆಯಲ್ಲಿ 135/85 ಹಾಗೆ. ಸರಾಸರಿ ಅದಕ್ಕಿಂತ ಮೇಲಿದ್ದರೆ ಹೆಚ್ಚು ಎಂದೇ ಲೆಕ್ಕ. ಅಮ್ಮನಿಗೆ ಎಷ್ಟಿರಬೇಕು ಎಂಬುದನ್ನು ಮಾತ್ರ ಅವರ ಡಾಕ್ಟರೇ ಹೇಳಬೇಕು. ಒಂದು ದಿನದ ಅಂಕಿ ನೋಡಿ ಮಾತ್ರೆ ಹೆಚ್ಚಿಸುವುದು, ಬಿಡುವುದು ಖಂಡಿತ ಬೇಡ.

ಮೊದಲ ದಿನ ಎರಡೂ ತೋಳು ನೋಡಿ, ಹೆಚ್ಚು ಬರುವ ತೋಳನ್ನೇ ಮುಂದೆ ಬಳಸಿ. ಮೇಲಿನ ಅಂಕಿಯಲ್ಲಿ ಯಾವಾಗಲೂ 15ಕ್ಕಿಂತ ಹೆಚ್ಚು ಅಂತರವಿದ್ದರೆ ತಿಳಿಸಿ. ಕೀಲುನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಇವು ಬಿಪಿ ಏರಿಸುತ್ತವೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ತೋಳು 34 ಸೆಂ.ಮೀ. ಇದೆ, ಪಟ್ಟಿ 32ರವರೆಗೆ ಮಾತ್ರ! ಇನ್ನೊಂದು, ಪರದೆಯ ಮೇಲೆ ಹೃದಯದ ಗುರುತು ಮಿನುಗುತ್ತದೆ, ಭಯಪಡಬೇಕಾ?

ಉತ್ತರ 1:
ಹಾಗಾದರೆ ಅದೇ ಕಂಪನಿಯ ದೊಡ್ಡ ಪಟ್ಟಿ ತರಿಸಿ, ಬೇರೆ ಕಂಪನಿಯದು ಸರಿಹೊಂದದೇ ಇರಬಹುದು. ವಾರದ ಲೆಕ್ಕವನ್ನು ಅದರ ನಂತರವೇ ಶುರುಮಾಡಿ.

ಗಾಳಿ ಇಳಿಯುವಾಗ ಮಿನುಗುವ ಹೃದಯ ಸಾಮಾನ್ಯವಾಗಿ ಬರೀ ನಾಡಿಬಡಿತದ ಸೂಚನೆ. ಫಲಿತಾಂಶದ ಜೊತೆ ಉಳಿಯುವ ಗುರುತು ಬೇರೆ, ಅದು ಬಡಿತ ತಾಳ ತಪ್ಪಿದ್ದನ್ನು ಹೇಳುತ್ತದೆ. ಕೈಪಿಡಿಯಲ್ಲಿ ಎರಡರ ಚಿತ್ರವೂ ಇರುತ್ತದೆ, ನೋಡಿಕೊಳ್ಳಿ. ತಾಳ ತಪ್ಪಿದ ಗುರುತು ಅಲುಗಾಡಿದರೂ ಒಮ್ಮೆ ಬರಬಹುದು. ಪದೇ ಪದೇ ಬಂದರೆ ಇಸಿಜಿ ಮಾಡಿಸಲೇಬೇಕು, ತಾಳ ತಪ್ಪಿದ ಹೃದಯದಲ್ಲಿ ಈ ಮಿಷನ್‌ನ ಅಂಕಿಗಳೂ ನಂಬಲಾಗದಂತಾಗುತ್ತವೆ.

ಉತ್ತರ 3:
ಒಂದು ಸೇರಿಸುತ್ತೇನೆ. 180/120 ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ಮತ್ತೊಮ್ಮೆ ಅಳೆಯುತ್ತಾ ಕೂರದೆ ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.